ಬಸವಣ್ಯಪ್ಪನವರ ಶಿವದಾರ

ಅಟ್ಟದ ಮೇಲೆ ಏನನ್ನೋ ಹುಡುಕುತ್ತಿದ್ದ ಮೊಮ್ಮಗಳು ಧೂಳು ತುಂಬಿದ ಒಂದು ಸುರುಳಿಯನ್ನು ಕೆಳಗಿಳಿಸಿ, ಇದೇನಜ್ಜಿ, ಡೇರೆಯಾ ಎಂದು ಕೇಳಿದಳು. ನೋಡಿದರೆ ನಮ್ಮ ಹಳೆಯ ಹೋಲ್ಡಾಲು. ಅದು ಏನೆಂದು ಈಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಬಿಚ್ಚಿದರೆ ಹಾಸಿಗೆ, ಸುತ್ತಿ ಚರ್ಮದ ಪಟ್ಟಿ ಬಿಗಿದರೆ ಚೀಲ. ಯಾರೋ ದೊಡ್ಡ ಅಧಿಕಾರಿ ವರ್ಗವಾಗಿ ಹೋಗುವಾಗ ಹರಾಜಿಗೆ ಹಾಕಿದ ಸಾಮಾನಿನಲ್ಲಿ ಅಪ್ಪ ಅದನ್ನು ಆರಿಸಿ ತಂದಿದ್ದರು. ತಂದದ್ದೇನೋ ಸರಿ, ಆದರೆ ನಮ್ಮ ಮನೆಯಿಂದ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಹೀಗಾಗಿ ಅಮ್ಮ ಅದರ ಜೇಬುಗಳಲ್ಲಿ ವರ್ಷದ ಹುಣಸೆಹಣ್ಣು ತುಂಬಿಡುತ್ತಿದ್ದಳು.

ಅದು ಮೊದಲ ಸಲ ಮನೆಯ ಹೊಸಿಲು ದಾಟಿದ್ದು ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ. ಶಿವಮೊಗ್ಗೆಯ ನಮ್ಮ ಕ್ರೈಸ್ತ ಸಭೆಯ ಯೌವನಸ್ಥರ ಸಂಘದವರು ಸೊರಬದ ಕಡೆಯ ಒಂದು ಹಳ್ಳಿಗೆ ಸೇವೆಗೆಂದು ಹೊರಟಿದ್ದರು. ಆಗೆಲ್ಲ ಶ್ರಮದಾನದ ಕಾಲ. ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಳ್ಳದವರೇ ಇರಲಿಲ್ಲ. ನಮ್ಮಣ್ಣ ಜಯಶೀಲ ಸಂಘದ ಕಾರ್ಯದರ್ಶಿ. ಇಪ್ಪತ್ತೆರಡರ ಆಸುಪಾಸಿನ ವಯಸ್ಸು, ಗಟ್ಟಿ ದನಿ, ಇನ್ನೂ ಗಟ್ಟಿಯಾದ ವಿಶ್ವಾಸ. ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿಕೊಂಡು ಸುವಾರ್ತೆ ಹೇಳುವವನು. ಅಡಿಗೆಗೆ ಹೆಣ್ಣುಮಕ್ಕಳು ಬೇಕು ಎಂದಾಗ ನನ್ನ ಹೆಸರನ್ನೂ ಅವನೇ ಸೇರಿಸಿದ. ನನಗೆ ಅನ್ನ ಬಸಿಯಲು ಕೂಡ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ಸಂಘಕ್ಕೆ ಗೊತ್ತಾಗುವಷ್ಟರಲ್ಲಿ ಬಸ್ಸು ಶಿಕಾರಿಪುರ ದಾಟಿತ್ತು. ಹುಣಸೆಯ ವಾಸನೆಗೆ ಬಂದ ಇರುವೆಗಳೂ ನಮ್ಮ ಹಾಸಿಗೆಯೊಳಗೆ ಸುಖವಾಗಿ ಪ್ರಯಾಣ ಮಾಡಿದವು.

ಸೊರಬದಲ್ಲಿ ಬಸ್ಸಿಳಿದು, ಗಾಡಿಯಲ್ಲಿ ಸಾಮಾನು ಹೇರಿ, ಕುಪ್ಪಗಡ್ಡೆಯ ಆಚೆಗೆ ನಡೆದೇ ಹೋದೆವು. ಊರಿನ ಹೆಸರು ಬರೆಯುವುದಿಲ್ಲ. ಆ ಮನೆತನದವರು ಈಗಲೂ ಅಲ್ಲಿದ್ದಾರೆ. ಊರ ಹೊರಗಿನ ಕಟ್ಟೆಯಲ್ಲಿ ಹೂಳು ತುಂಬಿ ಬೇಸಿಗೆಯಲ್ಲಿ ದನಕ್ಕೂ ನೀರು ನಿಲ್ಲುತ್ತಿರಲಿಲ್ಲ. ಆ ಹೂಳು ಎತ್ತುವುದು ನಮ್ಮ ಕೆಲಸ. ಮಲಗಲು ಶಾಲೆಯ ಕೋಣೆ ಬಿಟ್ಟುಕೊಟ್ಟಿದ್ದರು. ನಮ್ಮನ್ನು ಕರೆತಂದವರು ದೇವಪುತ್ರ ಮೇಷ್ಟರು, ಕಡಿಮೆ ಮಾತಿನ ಮನುಷ್ಯ. ನಾವು ಬಂದಿರುವುದು ಮಣ್ಣು ಹೊರಲಿಕ್ಕೆ, ಯಾರಾದರೂ ಕೇಳಿದರೆ ಮಾತ್ರ ನಮ್ಮ ಸ್ವಾಮಿಯ ವಿಷಯ ಹೇಳಿ, ಕೇಳದವರ ಬೆನ್ನು ಹತ್ತಬೇಡಿ ಎಂದು ಮೊದಲ ದಿನವೇ ತಿಳಿಸಿದ್ದರು. ಅದನ್ನು ಹೇಳುವಾಗ ಅವರು ಅಣ್ಣನನ್ನೇ ನೋಡುತ್ತಿದ್ದರು.

ಕಟ್ಟೆಯ ದಂಡೆಯಲ್ಲಿ ಒಂದು ಹೊಂಗೆ ಮರ, ಅದರಡಿ ಹುಲ್ಲಿನ ಸಣ್ಣ ಗುಡಿಸಲು. ನಾವು ಮೊದಲ ಬುಟ್ಟಿ ಮಣ್ಣು ಎತ್ತುವ ಮುಂಚೆ ರೂಢಿಯಂತೆ ಒಂದು ಕೀರ್ತನೆ ಹಾಡಿದೆವು. ಹಾಡು ಮುಗಿದಾಗ ಗುಡಿಸಲಿನಿಂದ, ಇನ್ನೊಂಚೂರು ಗಟ್ಟಿಯಾಗಿ ಹೇಳ್ರೀ, ಕಿವಿ ಮಂದ ಐತೆ ಎಂದು ಯಾರೋ ಕೂಗಿದರು. ಹೋಗಿ ನೋಡಿದರೆ ಕಂಬಳಿ ಹೊದ್ದ ಒಬ್ಬ ವೃದ್ಧರು. ಹಣೆಯ ತುಂಬ ವಿಭೂತಿ. ಮೂಗು ತಗ್ಗಾಗಿತ್ತು. ಕಂಬಳಿಯ ಹೊರಗೆ ಬಂದಿದ್ದ ಕೈಗಳಲ್ಲಿ ಬೆರಳುಗಳಿರಲಿಲ್ಲ. ನಾನು ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವರಿಗೆ ಅದೇನೂ ಹೊಸದಾಗಿರಲಿಲ್ಲ. ಅಲ್ಲೇ ನಿಂತ್ಕೊಂಡು ಮಾತಾಡಮ್ಮ, ಸಾಕು ಎಂದರು.

ಅವರ ಹೆಸರು ಬಸವಣ್ಯಪ್ಪ. ಒಂದು ಕಾಲಕ್ಕೆ ಅಡಿಕೆ ವ್ಯಾಪಾರ ಮಾಡುತ್ತ ಗಾಡಿ ಕಟ್ಟಿಕೊಂಡು ಊರೂರು ತಿರುಗಿದವರು. ತೊಗರ್ಸಿ, ಶಿಕಾರಿಪುರ, ಸೊರಬದ ಪೇಟೆ ಎಲ್ಲ ಕಡೆ ಅವರ ದನಿ ಕೇಳಿದರೆ ಜನ ಸೇರುತ್ತಿದ್ದರಂತೆ. ಆಮೇಲೆ ದೊಡ್ಡ ರೋಗ ಬಂತು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮ ಗುರುಶಾಂತಪ್ಪ ಹೊಲದ ಅಂಚಿಗೆ ಈ ಗುಡಿಸಲು ಕಟ್ಟಿಸಿಕೊಟ್ಟ. ದಿನಾ ಮಧ್ಯಾಹ್ನ ತಮ್ಮನ ಹೆಂಡತಿ ಬುತ್ತಿ ತಂದು ದೂರದ ಒಂದು ಕಲ್ಲಿನ ಮೇಲಿಟ್ಟು ಹೋಗುವಳು. ಅವಳು ಮರೆಯಾದ ಮೇಲೆ ಇವರು ತೆವಳಿಕೊಂಡು ಹೋಗಿ ತಂದುಕೊಳ್ಳುವರು. ಹೀಗೆ ಎಷ್ಟೋ ವರ್ಷ ನಡೆದಿತ್ತು. ತಮ್ಮನನ್ನು ಅವರು ಒಂದು ದಿನವೂ ದೂರಲಿಲ್ಲ. ಅವ್ನಿಗೂ ಹೆಣ್ಮಕ್ಳು ಅದಾವಲ್ಲ, ಮದುವೆ ಆಗ್ಬೇಕಲ್ಲ ಎನ್ನುತ್ತಿದ್ದರು. ಅವರ ಹಸಿವು ಮಾತಿನದು. ಬುಟ್ಟಿ ಹೊತ್ತು ದಂಡೆ ಹತ್ತಿದವರನ್ನೆಲ್ಲ ನಿಲ್ಲಿಸಿ, ಯಾರ ಮಗ, ಏನು ಓದಿದೀಯ, ಶಿವಮೊಗ್ಗೆಯಲ್ಲಿ ಈಗ ಅಡಿಕೆ ಹೆಂಗೆ ಹೋಗ್ತೈತೆ ಎಂದು ಕೇಳುವರು. ಮೇಷ್ಟರು ಆಸ್ಪತ್ರೆಯ ಮಾತು ತೆಗೆದು, ಈಗ ಈ ರೋಗಕ್ಕೆ ಮಾತ್ರೆಗಳು ಬಂದಿವೆ, ಕರೆದುಕೊಂಡು ಹೋಗುತ್ತೇವೆ ಎಂದರೆ, ಬೆರಳು ಮೊಳೆಸೋ ಮಾತ್ರೆ ಬಂದ ದಿನ ಹೇಳಿ ಕಳಿಸ್ರಿ ಎಂದು ನಕ್ಕುಬಿಟ್ಟರು.

ಅಣ್ಣ ಅಷ್ಟಕ್ಕೆ ಬಿಡುವವನಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವನು ಗುಡಿಸಲ ಮುಂದೆ ಹೋಗಿ ಕುಳಿತ. ನನ್ನನ್ನು ಕರೆದದ್ದು ಹಾಡಲಿಕ್ಕೆ. ನಾನು ಹಾಡಿದೆ. ಅವನು ಯೇಸುಸ್ವಾಮಿ ಕುಷ್ಠರೋಗಿಯನ್ನು ವಾಸಿ ಮಾಡಿದ ಕಥೆಯನ್ನು ಹೇಳತೊಡಗಿದ. ಚೆನ್ನಾಗಿಯೇ ಹೇಳಿದ. ಬಸವಣ್ಯಪ್ಪನವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಮುಟ್ಟಿದ್ರು ಅಂದ್ಯಲ್ಲ, ಕೈಯಿಂದ್ಲೇ ಮುಟ್ಟಿದ್ರಾ?” ಎಂದು ಕೇಳಿದರು.

“ಕೈಯಿಂದ್ಲೇ” ಎಂದ ಅಣ್ಣ.

“ಹಂಗಾದ್ರೆ ನನಗೆ ಒಂದು ಕೆಲ್ಸ ಆಗ್ಬೇಕಿತ್ತು ಮಾರಾಯ.”

ಕಲ್ಲಿನ ಮೇಲಿನ ಬುತ್ತಿ ಹಾಗೇ ಇತ್ತು. ಹಿಂದಿನ ದಿನದ್ದೂ ಮುಟ್ಟದೆ ಹಳಸಿತ್ತು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಅವರ ಕೊರಳಿನ ಶಿವದಾರ, ಎಂದರೆ ಲಿಂಗ ಕಟ್ಟಿಕೊಳ್ಳುವ ದಾರ, ಸವೆದು ಕಿತ್ತುಹೋಗಿತ್ತು. ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತಮ್ಮನ ಹೆಂಡತಿಗೆ ಕೂಗಿ ಹೇಳಿದ್ದಕ್ಕೆ ಅವಳು ಹೊಸ ದಾರವನ್ನೇನೋ ತಂದು ಕಲ್ಲಿನ ಮೇಲಿಟ್ಟಿದ್ದಳು. ಆದರೆ ಬೆರಳಿಲ್ಲದ ಕೈ ಗಂಟು ಹಾಕುವುದು ಹೇಗೆ? ಲಿಂಗ ಮೈಮೇಲಿಲ್ಲದೆ ಅವರು ಊಟ ಮುಟ್ಟುವವರಲ್ಲ.

ಅಣ್ಣನ ಮುಖ ನೋಡಿ ನನಗೆ ಭಯವಾಯಿತು. ಇದನ್ನು ಓದುವವರಿಗೆ, ಒಂದು ಗಂಟು ತಾನೆ ಎನ್ನಿಸಬಹುದು. ನಮ್ಮ ಮನೆಯಲ್ಲಿ ಅದು ಬರೀ ಗಂಟಲ್ಲ. ಅಪ್ಪನ ಅಜ್ಜ ಹಳೆಯ ದೇವರುಗಳನ್ನು ಬಿಟ್ಟಾಗ ಊರು ಅವರಿಗೆ ಬಾವಿಯನ್ನೂ ಬೆಂಕಿಯನ್ನೂ ಕೊಡುವುದನ್ನು ನಿಲ್ಲಿಸಿತ್ತು. ಎಳೆಯ ಕೂಸನ್ನು ಕಟ್ಟಿಕೊಂಡು ನಡೆದೇ ಊರು ಬಿಟ್ಟರು. ಕೂಸು ದಾರಿಯಲ್ಲಿ ತೀರಿಹೋಯಿತು. ಆ ಕಥೆಯನ್ನು ಕೇಳಿಕೊಂಡೇ ನಾವು ಬೆಳೆದದ್ದು. ಇನ್ನೊಬ್ಬರ ದೇವರನ್ನು ಕೈಯಲ್ಲಿ ಹಿಡಿಯುವುದೆಂದರೆ ಆ ಕೂಸಿಗೆ ಎರಡು ಬಗೆದ ಹಾಗೆ ಎಂಬುದು ಅಪ್ಪನ ಎಣಿಕೆ, ಅಣ್ಣನದೂ ಅದೇ. ಅದರ ಜೊತೆಗೆ ರೋಗದ ಅಂಜಿಕೆ ಬೇರೆ.

ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಎದ್ದು ಹೋಗಿ ಕಲ್ಲಿನ ಮೇಲಿನ ದಾರ ತಂದ. ಬಸವಣ್ಯಪ್ಪನವರು ಹೇಳಿಕೊಟ್ಟಂತೆ ಬಟ್ಟೆಯ ಗಂಟಿಗೆ ದಾರ ಪೋಣಿಸಿ, ಅವರ ಹಿಂದೆ ಮೊಣಕಾಲೂರಿ, ಕೊರಳಿಗೆ ಕಟ್ಟಿದ. ಜಗ್ಗಿ ನೋಡಪ್ಪ, ಇನ್ನೊಂದು ಗಂಟು ಹಾಕು, ನಾನಿರೋವರೆಗೂ ಬರ್ಬೇಕು ಎಂದರು ಅವರು. ಅವನು ಜಗ್ಗಿ ನೋಡಿ ಇನ್ನೊಂದು ಗಂಟು ಹಾಕಿದ. ಅವರು ಎರಡೂ ಕೈಗಳಿಂದ ಎದೆಯ ಮೇಲಿನ ಲಿಂಗವನ್ನು ಒತ್ತಿಕೊಂಡು ಒಂದು ಗಳಿಗೆ ಕೂತರು. ಆಮೇಲೆ, ಊಟ ಮಾಡ್ತೀನಿ ಈಗ ಎಂದರು. ಹಳಸಿದ್ದನ್ನು ತೆಗೆದು ನಮ್ಮ ಅನ್ನವನ್ನೇ ತರುತ್ತೇನೆ ಎಂದು ನಾನು ಅಂದದ್ದಕ್ಕೆ, ಬೇಡಮ್ಮ, ಇವತ್ತಿನ ರೊಟ್ಟಿ ಚೆನ್ನಾಗೇ ಐತೆ ಎಂದು ಮೃದುವಾಗಿ ಹೇಳಿದರು. ನನ್ನ ಅಡಿಗೆಯ ಸುದ್ದಿ ಅವರಿಗೂ ಮುಟ್ಟಿತ್ತೇನೋ.

ಅಣ್ಣ ಆಮೇಲೆ ಕೈ ತೊಳೆದುಕೊಳ್ಳಲಿಲ್ಲ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ತೊಳೆದುಕೊಂಡ. ಒಲೆಯ ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡ. ಆ ದಿನ ಊಟಕ್ಕೆ ಕೂರಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ನಮ್ಮ ಗುಂಪಿನವನೊಬ್ಬ ವಿಷಯ ಎತ್ತಿದ. ಜಯಶೀಲ ಮಾಡಿದ್ದು ತಪ್ಪಲ್ಲವೇ, ವಿಗ್ರಹಸೇವೆಗೆ ಕೈಜೋಡಿಸಿದಂತಲ್ಲವೇ ಎಂದು ಕೇಳಿದ. ಎಲ್ಲರೂ ಮೇಷ್ಟರ ಕಡೆ ನೋಡಿದರು.

“ಹಸಿದು ಕೂತಿದ್ದೋರು ಒಬ್ರು ಊಟ ಮಾಡಿದ್ರು. ನಾನು ಕಂಡದ್ದು ಅಷ್ಟೇ” ಎಂದರು ಮೇಷ್ಟರು. ಪ್ರಾರ್ಥನೆ ಮುಂದುವರಿಯಿತು.

ಮರುದಿನ ಬೆಳಗ್ಗೆ ಅಣ್ಣ ತಾನಾಗಿಯೇ ಗುಡಿಸಲಿಗೆ ಹೋದ. ನೀರು ತಂದುಕೊಟ್ಟ. ಪೂಜೆಗೆ ಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಂಡರೆ ಜಾರುತ್ತಿತ್ತು; ಅದು ಜಾರದ ಹಾಗೆ ಅವರ ಕೈಯಡಿ ತನ್ನ ಕೈ ಒಡ್ಡಿಕೊಂಡು ಕುಳಿತ. ಅವರು ತಮ್ಮ ಪೂಜೆ ಮಾಡಿಕೊಂಡರು. ಇವನು ಆಗ ಏನು ಮಾಡುತ್ತಿದ್ದನೋ, ತನ್ನ ಪ್ರಾರ್ಥನೆ ಮಾಡುತ್ತಿದ್ದನೋ ಏನೋ, ನಾನು ಕೇಳಲಿಲ್ಲ. ದಿನವೂ ಹೀಗೇ ನಡೆಯಿತು. ಆಮೇಲೆ ಇಬ್ಬರೂ ಮಾತಿಗೆ ಕೂಡುವರು. ಅಣ್ಣ ಸುವಾರ್ತೆಯ ಕಥೆ ಹೇಳುವುದನ್ನೇನೂ ಬಿಡಲಿಲ್ಲ; ಅವರು ತಮ್ಮ ಶರಣರ ಮಾತು ಹೇಳುವರು, ಅದು ಮುಗಿದರೆ ಎತ್ತುಗಳ ಸುದ್ದಿ. ನಾನು ಕೂಡ ಮೊದಲ ದಿನ ನಿಂತಿದ್ದ ಜಾಗದಿಂದ ಸ್ವಲ್ಪ ಸ್ವಲ್ಪವೇ ಮುಂದೆ ಬಂದು ಹೊಂಗೆಯ ನೆರಳಿನಲ್ಲಿ ಕೂರುವಂತಾದೆ. ಕಟ್ಟೆಯೂ ಆಳವಾಗುತ್ತಿತ್ತು. ಊರಿನ ಗಂಡಸರು ಮೊದಮೊದಲು ದಂಡೆಯ ಮೇಲೆ ನಿಂತು ಬೀಡಿ ಸೇದುತ್ತ ನಮ್ಮ ಗುದ್ದಲಿ ಹಿಡಿಯುವ ಚೆಂದ ನೋಡಿ ನಗುತ್ತಿದ್ದವರು, ಆಮೇಲೆ ತಾವೂ ಇಳಿದರು. ಗುರುಶಾಂತಪ್ಪನವರೂ ಬಂದರು. ಎತ್ತರದ, ಗಂಭೀರ ಮುಖದ ಮನುಷ್ಯ. ಅವರು ಕಟ್ಟೆಯ ಆ ಬದಿಯಲ್ಲೇ ಅಗೆಯುವರು. ಹೊಂಗೆ ಮರದ ಬದಿಗೆ ಬರುತ್ತಿರಲಿಲ್ಲ, ಅತ್ತ ನೋಡುತ್ತಲೂ ಇರಲಿಲ್ಲ.

ನಾವು ಹೊರಡುವ ದಿನ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ನೀರು ತೆಗೆದುಕೊಂಡು ಹೋದ ಅಣ್ಣ ತಂಬಿಗೆ ಹಿಡಿದುಕೊಂಡೇ ವಾಪಸು ಬಂದ. ಮೇಷ್ಟರ ಬಳಿ ಹೋಗಿ, ತೀರಿಕೊಂಡಿದಾರೆ ಎಂದ. ಜ್ವರ ಬಂದಿದ್ದು ನಮಗೆ ಗೊತ್ತಿತ್ತು. ಇಷ್ಟು ಬೇಗ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಸುದ್ದಿ ತಿಳಿದು ಗುರುಶಾಂತಪ್ಪನವರು ಬಂದರು, ಹೆಂಡತಿ ಬಂದಳು, ಊರಿನವರು ಬಂದರು. ಎಲ್ಲರೂ ಆ ಬುತ್ತಿ ಇಡುವ ಕಲ್ಲಿನ ಹತ್ತಿರಕ್ಕೆ ಬಂದು ನಿಂತರು. ಮಠದ ಅಯ್ಯನವರು ವಿಭೂತಿ, ಪತ್ರೆ ಹಿಡಿದುಕೊಂಡು ಬಂದರು. ನಾವು ನಮ್ಮ ಸಭೆಯ ಗುರುಗಳನ್ನೂ ಅಯ್ಯನವರು ಎಂದೇ ಕರೆಯುತ್ತಿದ್ದೆವು. ಆ ಹೆಸರು ಕೇಳಿ ನನಗೆ ಯಾಕೋ ಸಮಾಧಾನವಾಯಿತು. ಲಿಂಗವಂತರು ಕುಳಿತ ಭಂಗಿಯಲ್ಲಿ ಮಣ್ಣು ಮಾಡುತ್ತಾರೆ. ಗುಣಿ ತೋಡಬೇಕು, ಒಳಗಿನ ಗೂಡಿನಲ್ಲಿ ಕೂರಿಸಬೇಕು, ಎಡಗೈಯಲ್ಲಿ ಲಿಂಗ ಇಡಬೇಕು. ಅಷ್ಟು ಮಾಡಲು ಹೆಣವನ್ನು ಮುಟ್ಟಲೇಬೇಕು. ಆಳುಗಳಿಗೆ ಹೇಳಿ ಕಳಿಸಿದರು, ಯಾರೂ ಬರಲಿಲ್ಲ. ಅಯ್ಯನವರಿಗೆ ತುಂಬಾ ವಯಸ್ಸು. ನನ್ನ ಕೈಲಿ ಇಳಿಯೋಕಾಗಲ್ಲ, ಮಂತ್ರ ನಾನು ಹೇಳ್ತೀನಿ, ಇಳಿಯೋರು ಯಾರಾದ್ರೂ ಮುಂದೆ ಬರ್‍ರಪ್ಪ ಎಂದು ಸುತ್ತಲೂ ನೋಡಿದರು. ಯಾರೂ ಅಲುಗಲಿಲ್ಲ. ಬಿಸಿಲೇರುತ್ತಿತ್ತು.

ಆಗ ಮೇಷ್ಟರು ಗುರುಶಾಂತಪ್ಪನವರ ಹತ್ತಿರ ಹೋಗಿ, ನಮ್ಮತ್ರ ಗುದ್ದಲಿ ಅದಾವೆ, ನಿಮ್ಮ ಒಪ್ಪಿಗೆ ಇದ್ರೆ ನಾವು ತೋಡ್ತೀವಿ ಎಂದರು. ಗುರುಶಾಂತಪ್ಪನವರು ಅಯ್ಯನವರ ಮುಖ ನೋಡಿದರು. ಅಯ್ಯನವರು ತಲೆಯಾಡಿಸಿದರು. ಗುರುಶಾಂತಪ್ಪನವರು ತಮ್ಮ ಹೊಲದಲ್ಲೇ ಜಾಗ ತೋರಿಸಿದರು. ಕಟ್ಟೆ ಅಗೆದು ಬೊಬ್ಬೆಯೆದ್ದ ಕೈಗಳಲ್ಲೇ ನಮ್ಮ ಹುಡುಗರು ಗುಣಿ ತೋಡಿದರು. ತಪ್ಪಲ್ಲವೇ ಎಂದು ಅಂದು ಪ್ರಶ್ನೆ ಕೇಳಿದ್ದವನೇ ಎಲ್ಲರಿಗಿಂತ ಹೆಚ್ಚು ಅಗೆದ.

ಅಣ್ಣ ಮತ್ತು ಇನ್ನಿಬ್ಬರು ಬಸವಣ್ಯಪ್ಪನವರನ್ನು ಕಂಬಳಿಯಲ್ಲಿ ಎತ್ತಿ ತಂದರು. ಅಣ್ಣ ಗುಣಿಗಿಳಿದ. ಮೇಲಿನಿಂದ ಇಳಿಸಿಕೊಟ್ಟ ದೇಹವನ್ನು ತೋಳಿನಲ್ಲಿ ಹಿಡಿದು ಗೂಡಿನೊಳಗೆ ಕೂರಿಸಿದ. ಕೂರಿಸಿದ ದೇಹ ಮತ್ತೆ ಮತ್ತೆ ಒಂದು ಬದಿಗೆ ವಾಲುತ್ತಿತ್ತು. ಕೊರಳ ದಾರ ಬಿಚ್ಚಿ ಲಿಂಗವನ್ನು ಕೈಯಲ್ಲಿಡಬೇಕು. ಭುಜ ಹಿಡಿದರೆ ಕೈ ಜಾರುತ್ತದೆ, ಕೈ ಹಿಡಿದರೆ ಭುಜ ವಾಲುತ್ತದೆ. ನಮ್ಮ ಹುಡುಗರಲ್ಲೊಬ್ಬ ಇಳಿಯಲು ಮುಂದಾದ. ಅಣ್ಣ ಕೈ ಎತ್ತಿ ಅವನನ್ನು ತಡೆದ. ತಲೆಯೆತ್ತಿ ಗುರುಶಾಂತಪ್ಪನವರನ್ನು ನೋಡಿದ.

“ಒಬ್ಬನ ಕೈಲಿ ಆಗ್ತಿಲ್ರೀ. ನಿಮ್ಮಣ್ಣನ ಎಡಗೈ ಹಿಡ್ಕೊಳ್ರಿ.”

ಅವನು ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಅಲ್ಲಿದ್ದವರಿಗೆಲ್ಲ ಕೇಳಿಸಿತು. ಗುರುಶಾಂತಪ್ಪನವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುರುಶಾಂತಪ್ಪನವರು ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟು, ಗುಣಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಒಳಗೆ ಇಳಿದರು. ಬಸವಣ್ಯಪ್ಪನವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಆಮೇಲೆ ಕೈ ಬಿಟ್ಟು ಇಡೀ ದೇಹವನ್ನೇ ಎದೆಗೆ ಒರಗಿಸಿಕೊಂಡರು.

“ಎಷ್ಟು ಹಗುರಾಗಿದಾನ್ರೀ ನಮ್ಮಣ್ಣ” ಎಂದರು.

ಅದನ್ನು ಅವರು ಜಯಶೀಲನಿಗೆ ಹೇಳಿದರೋ, ಅಯ್ಯನವರಿಗೆ ಹೇಳಿದರೋ ತಿಳಿಯಲಿಲ್ಲ. ಅಯ್ಯನವರ ಮಂತ್ರ ಅಲ್ಲಿಗೆ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಲಿಂಗವನ್ನು ಕೈಯಲ್ಲಿಟ್ಟರು. ವಿಭೂತಿ, ಪತ್ರೆ ಏರಿಸಿದರು. ಮೊದಲ ಹಿಡಿ ಮಣ್ಣನ್ನು ಗುರುಶಾಂತಪ್ಪನವರು ಹಾಕಿದರು. ಆಮೇಲೆ ಊರಿನವರು ಒಬ್ಬೊಬ್ಬರಾಗಿ ಕಲ್ಲು ದಾಟಿ ಮುಂದೆ ಬಂದರು. ನಮ್ಮವರು ಯಾರೂ ಹಾಡಲಿಲ್ಲ. ಮೇಷ್ಟರು ಕೈಕಟ್ಟಿ ತಲೆ ಬಾಗಿಸಿ ನಿಂತಿದ್ದರು, ನಾವೂ ಹಾಗೆಯೇ ನಿಂತೆವು.

ಶಿವಮೊಗ್ಗೆಗೆ ಬಂದ ಮೇಲಿನ ಭಾನುವಾರ ಸಭೆಯಲ್ಲಿ ವರದಿ ಹೇಳಬೇಕಾಗಿತ್ತು. ನಮ್ಮಪ್ಪ ಸಭೆಯ ಹಿರಿಯರಲ್ಲೊಬ್ಬರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು, ಮನೆಯಲ್ಲೂ ಕೋರ್ಟಿನ ಹಾಗೆಯೇ ಪ್ರಶ್ನೆ ಹಾಕುವರು. ಅಣ್ಣ ಕಟ್ಟೆಯ ವಿಷಯ ಹೇಳಿದ, ಬಸವಣ್ಯಪ್ಪನವರ ವಿಷಯವನ್ನೂ ಏನೊಂದೂ ಮುಚ್ಚಿಡದೆ ಹೇಳಿದ. ಬೇಕಿದ್ದರೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅಪ್ಪ ಎದ್ದು ನಿಂತರು. ಅವರ ದನಿ ನಡುಗುತ್ತಿತ್ತು. ಅದು ಬರೀ ಸಿಟ್ಟಲ್ಲ ಎಂಬುದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

“ನಮ್ಮಜ್ಜ ಊರು ಬಿಟ್ಟಿದ್ದು ಇದಕ್ಕೇನಪ್ಪಾ? ಆ ಮುದುಕರಿಗೆ ನಮ್ಮ ಸ್ವಾಮಿಯ ವಿಷಯನಾದ್ರೂ ಹೇಳಿದ್ಯಾ?”

“ಹೇಳಿದೆ ಅಪ್ಪ. ಅವರು ಕೇಳಿದ್ರು. ಅವರು ಹೇಳಿದ್ದನ್ನ ನಾನೂ ಕೇಳಿದೆ.”

ಅಪ್ಪ ಕುಳಿತರು. ಆ ತಿಂಗಳೇ ಅಣ್ಣನನ್ನು ಕಾರ್ಯದರ್ಶಿ ಕೆಲಸದಿಂದ ಬಿಡಿಸಿದರು. ಆ ಮಾತು ಎತ್ತಿದವರು ಅಪ್ಪನೇ. ಮನೆಯಲ್ಲಿ ಅವನೊಂದಿಗೆ ಮಾತು ನಿಲ್ಲಿಸಿದರು. ಹೇಳಬೇಕಾದ್ದಿದ್ದರೆ ಅಮ್ಮನ ಮೂಲಕ, ಅಮ್ಮ ಇಲ್ಲದಿದ್ದರೆ ನನ್ನ ಮೂಲಕ. ಅವನಿಗೆ ಸೀಮೆಎಣ್ಣೆ ತರಲು ಹೇಳು, ಅವನ ಷರ್ಟು ಹರಿದಿದೆ ನೋಡು, ಹೀಗೆ. ಒಂದೇ ಪಂಕ್ತಿಯಲ್ಲಿ ಅವರಿಬ್ಬರೂ ಊಟಕ್ಕೆ ಕೂತಿದ್ದನ್ನು ಆ ವರ್ಷವೆಲ್ಲ ನಾನು ನೋಡಲಿಲ್ಲ. ಅಣ್ಣ ಎದುರಾಡಲಿಲ್ಲ, ತಪ್ಪಾಯಿತೆಂದೂ ಹೇಳಲಿಲ್ಲ. ಅಮ್ಮ ಇಬ್ಬರಿಗೂ ಬೇರೆ ಬೇರೆ ಬಡಿಸಿ, ಕೊನೆಗೆ ಒಬ್ಬಳೇ ಕೂತು ಉಣ್ಣುವಳು.

ಮುಂದಿನ ಬೇಸಿಗೆ ಬಂತು. ಒಂದು ಭಾನುವಾರ ಆರಾಧನೆ ನಡೆಯುತ್ತಿರುವಾಗ ದೇವಾಲಯದ ಬಾಗಿಲಲ್ಲಿ ಎತ್ತರದ ಒಬ್ಬರು ಬಂದು ನಿಂತರು. ಹಣೆಗೆ ವಿಭೂತಿ, ಮಡಿಯಾದ ಕಚ್ಚೆಪಂಚೆ, ಕೈಯಲ್ಲಿ ಚಪ್ಪಲಿ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನೋಡುತ್ತಿದ್ದರು. ಗುರುಶಾಂತಪ್ಪನವರು. ಕೊನೆಯ ಬೆಂಚಿನ ತುದಿಯಲ್ಲಿ ಅಪ್ಪ ಕೂತಿದ್ದರು. ಸಭೆಯ ಮಂದಿಯೆಲ್ಲ ತಿರುಗಿ ನೋಡಿದರು. ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸರಿದು ಜಾಗ ಮಾಡಿಕೊಟ್ಟರು. ಅವರು ಚಪ್ಪಲಿಯನ್ನು ಹೊರಗಿಟ್ಟು ಬಂದು ಕೂತರು. ನಾವು ಎದ್ದಾಗ ಎದ್ದರು, ಕೂತಾಗ ಕೂತರು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅಣ್ಣನನ್ನು ಕಂಡು ಕೈಮುಗಿದರು. ಅಪ್ಪ ಅಲ್ಲೇ ಇದ್ದರು. ನಮ್ಮ ತಂದೆ ಎಂದು ಅಣ್ಣ ಪರಿಚಯ ಮಾಡಿಸಿದ. ಅಪ್ಪ, ಏನು ಈ ಕಡೆ ಬಂದಿರಿ, ಪೇಟೆ ಕೆಲಸವೇ ಎಂದು ಕೇಳಿದರು. ಇಲ್ರೀ, ಇಲ್ಲಿಗೇ ಬಂದೆ ಎಂದರು ಅವರು. ಬಸವಣ್ಯಪ್ಪನವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮನೆಯಲ್ಲಿ ಗಣಾರಾಧನೆ ಮಾಡಿ ಬಂಧುಗಳಿಗೆ ಊಟ ಹಾಕುವುದಿತ್ತು.

“ಬಳಗದೋರ ಮನೆಗೆಲ್ಲ ನಾನೇ ಹೋಗಿ ಹೇಳಿ ಬಂದೆ. ನಿಮ್ಮನೆ ಒಂದು ಉಳಿದಿತ್ತು.”

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಬಳಗ ಎಂದು ಹೇಳಿಕೊಳ್ಳುವವರು ನಮಗೆ ಸಭೆಯ ಹೊರಗೆ ಯಾರೂ ಇರಲಿಲ್ಲ. ಅಪ್ಪನ ಅಜ್ಜ ಊರು ಬಿಟ್ಟಂದಿನಿಂದ ಇರಲಿಲ್ಲ. ನಾನೂ ಅಮ್ಮನೂ ಸ್ವಲ್ಪ ದೂರದಲ್ಲಿ ನಿಂತಿದ್ದೆವು. ಅಮ್ಮ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಪ್ಪ ಅಣ್ಣನ ಕಡೆಗೆ ತಿರುಗಿದರು.

“ಸೊರಬಕ್ಕೆ ಬೆಳಗಿನ ಬಸ್ಸು ಎಷ್ಟು ಗಂಟೆಗೋ, ಜಯಶೀಲ?”

ಅಣ್ಣನಿಗೆ ಉತ್ತರ ಗೊತ್ತಿತ್ತು. ಆದರೂ, ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿಕೊಂಡು ಬರ್ತೀನಪ್ಪ ಎಂದ.